ಅವರೆ ಕಾಲದಲ್ಲಿ ವೆಬ್‌ಸೈಟು ಬಿದ್ದದ್ದು

ಹೋದ ವಾರ ಬಂಗಾರಪೇಟೆಯ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿಯ ಮುಂದೆ ಕೂತು, ಕೊಳ್ಳುವ ಉದ್ದೇಶವಿಲ್ಲದೆಯೇ ಒಂದು ಕಾಯಿ ಸುಲಿದು ನೋಡಿದೆ. ಎಲ್ಲರೂ ಹಾಗೇ ಮಾಡುತ್ತಾರೆ. ಇಬ್ಬನಿ ಕುಡಿದ ಕಾಯಿ, ಸೊಗಡು ಜೋರಾಗಿತ್ತು. ಮನೆಗೆ ಬಂದು ಸೋಪು ಹಾಕಿ ತೊಳೆದರೂ ಬೆರಳಿನ ಜಿಡ್ಡು ಹೋಗಲಿಲ್ಲ. ಸಂಜೆ ಉತ್ತರ ಪತ್ರಿಕೆ ತಿದ್ದುವಾಗ ಕೈ ಮೂಗಿನ ಹತ್ತಿರ ಬಂದಾಗಲೆಲ್ಲ ಆಂಡರ್ಸನ್‌ಪೇಟೆಯ ಜಯಕ್ಕನ ಮನೆ, ಅಲ್ಲಿ ಕಳೆದ ಒಂದು ಅವರೆ ಕಾಲ, ನೆನಪಾಗುತ್ತಿತ್ತು.

ವಾಸನೆಯಿಂದ ಬಂದ ನೆನಪು ಸುಳ್ಳಾಡುವುದಿಲ್ಲ ಎಂದು ಕೇಳಿದ್ದೇನೆ. ನನಗೆ ಅಷ್ಟು ನಂಬಿಕೆಯಿಲ್ಲ. ಸೊಗಡು ಹಿತ್ತಿಲನ್ನು ತಂದುಕೊಡುತ್ತದೆ, ಚಳಿಯನ್ನು ತಂದುಕೊಡುತ್ತದೆ. ಯಾರು ಯಾವಾಗ ಏನು ಹೇಳಿದರು ಎಂಬುದನ್ನು ಮಾತ್ರ ನಾನೇ ತುಂಬಿಕೊಳ್ಳುತ್ತೇನೆ. ಆ ದಿನಗಳಲ್ಲೂ ಡೈರಿ ಬರೆಯುತ್ತಿದ್ದೆ. ತೆಗೆದು ನೋಡಿದರೆ ಆ ವಾರದಲ್ಲಿ ಇರುವುದು ಇಷ್ಟೇ: ಮಂಜು, ತಲೆನೋವು, ವೆಬ್‌ಸೈಟು ಇನ್ನೂ ಇಲ್ಲ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಪ್ಪು ನನ್ನದು.

ಜಯಕ್ಕ ನನ್ನ ದೊಡ್ಡಮ್ಮನ ಮಗಳು. ಗಂಡನಿಗೆ ಆಟೋ ಇದೆ, ಮನೆ ಆಂಡರ್ಸನ್‌ಪೇಟೆಯಲ್ಲಿ. ಅವಳ ವ್ಯಾಪಾರ ಹಿದುಕಿದ ಅವರೆಬೇಳೆ. ಬೆಳಿಗ್ಗೆ ಸುತ್ತಲ ಹಳ್ಳಿಗಳಿಂದ ಕಾಯಿ ಮೂಟೆ ಬರುತ್ತಿತ್ತು. ಬೀದಿಯ ಹೆಂಗಸರು ಸುಲಿಯುತ್ತಿದ್ದರು. ಮಧ್ಯಾಹ್ನ ಕಾಳನ್ನು ನೀರಿಗೆ ಹಾಕಿ, ಸಂಜೆ ಎಲ್ಲರೂ ಕೂತು ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸುತ್ತಿದ್ದರು. ಪ್ಯಾಕೆಟ್ಟುಗಳು ಬೆಳಗಿನ ಮಾರಿಕುಪ್ಪಂ ಟ್ರೇನಿನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಹೋಗುತ್ತಿದ್ದವು. ಅಲ್ಲಿ ಹಿದುಕಿದ ಬೇಳೆ ಸಾರು ಎಲ್ಲರಿಗೂ ಬೇಕು, ಹಿದುಕಲು ಯಾರಿಗೂ ಪುರುಸೊತ್ತಿಲ್ಲ. ಜಯಕ್ಕ ಇದನ್ನು ಕಂಡುಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಆ ವರ್ಷ ಹೊಸದಾಗಿದ್ದದ್ದು ವೆಬ್‌ಸೈಟು ಮಾತ್ರ.

ಬಂಗಾರಪೇಟೆಯ ಒಬ್ಬ ಹುಡುಗ ಅದನ್ನು ಮಾಡಿಕೊಟ್ಟು, ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋದ. ಪಾಸ್‌ವರ್ಡು ನನ್ನ ಕೈಗೆ ಬಂತು. ನಾನು ಓದಿದ್ದು ಸಮಾಜಶಾಸ್ತ್ರ, ಅತಿಥಿ ಉಪನ್ಯಾಸಕಿಯಾಗಿದ್ದೆ, ಆ ಡಿಸೆಂಬರಿನಿಂದ ಕಾಲೇಜಿಗೆ ರಜೆಯಿತ್ತು. ವೆಬ್‌ಸೈಟಿನ ಬಗ್ಗೆ ನನಗೇನೂ ಗೊತ್ತಿಲ್ಲವೆಂದು ಹೇಳಿದ್ದಕ್ಕೆ ಜಯಕ್ಕ, "ಎಂ.ಎ. ಓದಿದ್ದೀಯಲ್ಲೇ, ಅಷ್ಟು ಗೊತ್ತಾಗಕಿಲ್ವಾ" ಎಂದಳು. ಆ ಮಾತಿಗೆ ಉತ್ತರ ಕೊಡುವುದು ವೆಬ್‌ಸೈಟು ಕಲಿಯುವುದಕ್ಕಿಂತ ಕಷ್ಟವಾಗಿತ್ತು. ಕಲಿತೆ.

ವೆಬ್‌ಸೈಟಿನಿಂದ ಒಂದು ದೊಡ್ಡ ಅನುಕೂಲವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಆರ್ಡರು ನಿಲ್ಲಿಸುತ್ತಿದ್ದೆವು, ಎಷ್ಟು ಬಂದಿದೆಯೋ ಅಷ್ಟೇ ಕಾಳು ನೆನೆಹಾಕುವುದು. ನೆನೆದ ಕಾಳನ್ನು ಇಡುವ ಹಾಗಿಲ್ಲ. ಅವತ್ತೇ ಹಿದುಕಬೇಕು, ಮಾರನೆಯ ದಿನ ಮಾರಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಹಿಂದಿನ ವರ್ಷಗಳಲ್ಲಿ ಜಯಕ್ಕ ಅಂದಾಜಿನ ಮೇಲೆ ನೆನೆಹಾಕಿ, ಉಳಿದದ್ದನ್ನು ಬೀದಿಗೆಲ್ಲ ಹಂಚುತ್ತಿದ್ದಳು. ಆ ವರ್ಷ ಆರ್ಡರು ನೋಡಿ ನೆನೆಹಾಕಿದಳು, ಹಂಚುವುದು ನಿಂತಿತು. ಬೀದಿಯವರಿಗೆ ಅದೊಂದು ಸಣ್ಣ ಬೇಜಾರು.

ಆ ಅನುಕೂಲದ ಧೈರ್ಯದಲ್ಲೇ ಜಯಕ್ಕ ಸರೋಜಳಿಗೆ ಮಾತು ಕೊಟ್ಟಿದ್ದಳು.

ಸರೋಜ ಪಕ್ಕದ ಲೈನ್ ಮನೆಯವಳು, ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಪುಟ್ಟ ಮನೆಗಳಲ್ಲೊಂದು, ಮೂವತ್ತೈದರ ಆಸುಪಾಸು, ಗಂಡ ಇಲ್ಲ. ವರ್ಷಗಟ್ಟಲೆ ಬೆಳಗಿನ ಟ್ರೇನು ಹಿಡಿದು ಬೆಂಗಳೂರಿನ ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ನೆಲ ಒರೆಸುವ, ಟಾಯ್ಲೆಟ್ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಮಾವ ಒಬ್ಬರೇ. ಎಂದೋ ಮುಚ್ಚಿದ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಭೂಮಿಯೊಳಗೆ ಕೆಲಸ ಮಾಡಿದವರು, ಗಣಿಯ ಧೂಳಿಗೆ ಎದೆ ಹಾಳಾಗಿತ್ತು. ಬಚ್ಚಲಿಗೆ ಹೋಗಿ ಬರುವುದರೊಳಗೆ ಎರಡು ಸಲ ಗೋಡೆಗೆ ಒರಗಬೇಕು. ಆ ದೀಪಾವಳಿಯ ಹೊತ್ತಿಗೆ ಒಂದು ದಿನ ಬಿದ್ದು, ಸರೋಜ ಬರುವವರೆಗೂ ನೆಲದ ಮೇಲೇ ಇದ್ದರು. ಆಮೇಲೆ ಅವಳಿಗೆ ಟ್ರೇನು ಹತ್ತಲು ಕಾಲು ಬರಲಿಲ್ಲ.

ಜಯಕ್ಕ ಹೇಳಿದ್ದು ಇಷ್ಟು: ಸಂಕ್ರಾಂತಿಯವರೆಗೆ ಆರ್ಡರು ಹೀಗೇ ನಡೆದರೆ, ಅವರೆ ಮುಗಿದ ಮೇಲೂ ಹುರಿಹಿಟ್ಟು, ಚಟ್ನಿಪುಡಿ, ಸಾರಿನ ಪುಡಿ ಮಾಡಿ ಅದೇ ಗಿರಾಕಿಗಳಿಗೆ ಕಳಿಸೋಣ, ನಿನ್ನನ್ನು ವರ್ಷಪೂರ್ತಿ ಇಟ್ಟುಕೊಳ್ಳುತ್ತೇನೆ. ಅತ್ತ ಬೆಂಗಳೂರಿನ ಸೂಪರ್‌ವೈಸರ್ ಹೇಳಿದ್ದೂ ಇಷ್ಟೇ: ಸಂಕ್ರಾಂತಿಯವರೆಗೆ ನಿನ್ನ ಜಾಗ ಇಟ್ಟಿರುತ್ತೇನೆ, ಆಮೇಲೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ. ಹೀಗೆ ಒಬ್ಬ ಹೆಂಗಸಿನ ಮುಂದಿನ ಬದುಕು ನಾನು ಅರೆಬರೆ ಕಲಿತ ವೆಬ್‌ಸೈಟಿನ ಆರ್ಡರುಗಳಿಗೆ ಬಂದು ತಗುಲಿಕೊಂಡಿತ್ತು. ಆಗ ಅದು ಇಷ್ಟು ಸ್ಪಷ್ಟವಾಗಿ ಕಂಡಿತ್ತೇ ಎಂದು ಕೇಳಿಕೊಂಡರೆ, ಬಹುಶಃ ಇಲ್ಲ. ನನಗೆ ಆಗ ಕಂಡದ್ದು ಸರೋಜ ಬೇರೆಯವರಿಗಿಂತ ಬೇಗ ಹಿದುಕುತ್ತಾಳೆ, ಮತ್ತು ಮಧ್ಯೆ ಮಧ್ಯೆ ಎದ್ದು ಹೋಗಿ ಮಾವನನ್ನು ನೋಡಿ ಬರುತ್ತಾಳೆ ಎಂಬುದು.

ಸಂಕ್ರಾಂತಿಗೆ ಇನ್ನೇನು ಒಂದು ವಾರವಿದೆ ಎನ್ನುವಾಗ, ಒಂದು ಬೆಳಿಗ್ಗೆ ವೆಬ್‌ಸೈಟು ತೆರೆಯಲಿಲ್ಲ.

ನಾನು ಬಂಗಾರಪೇಟೆಯಿಂದ ಬಸ್ಸಿನಲ್ಲಿ ಬಂದಿಳಿದಾಗ ಜಯಕ್ಕ ಬಾಗಿಲಲ್ಲೇ ನಿಂತಿದ್ದಳು. ಮಂಜು ಇನ್ನೂ ಕರಗಿರಲಿಲ್ಲ, ಆಚೆ ಗಣಿಯ ಪುಡಿಮಣ್ಣಿನ ಸೈನೈಡ್ ದಿಬ್ಬ ಕಾಣುತ್ತಿರಲಿಲ್ಲ.

"ಉಷಾ, ಬರೀ ಬಿಳೀ ಬತ್ತಾ ಐತೆ ಕಣೇ. ಅದೇನೋ ಇಂಗ್ಲಿಷಲ್ಲಿ ಬರ್ದವ್ರೆ."

ನೋಡಿದೆ. ಸೇವೆ ಸದ್ಯಕ್ಕೆ ಲಭ್ಯವಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದಿತ್ತು. ಅದನ್ನೇ ಕನ್ನಡದಲ್ಲಿ ಹೇಳಿದೆ.

"ಸ್ವಲ್ಪ ಒತ್ತು ಅಂದ್ರೆ?"

"ಗೊತ್ತಿಲ್ಲ ಅಕ್ಕ. ಕೇಳ್ತೀನಿ."

ತೊಂದರೆ ನಮ್ಮ ಫೋನಿನದೋ, ನೆಟ್‌ವರ್ಕಿನದೋ, ವೆಬ್‌ಸೈಟಿನದೋ ಎಂದು ಮೊದಲು ತಿಳಿಯಬೇಕು ಎಂದು ಎಲ್ಲೋ ಓದಿದ್ದೆ. ನನ್ನ ಫೋನಿನಲ್ಲಿ ನೋಡಿದೆ, ಎದುರು ಮನೆಯ ವೈಫೈಯಲ್ಲಿ ನೋಡಿದೆ. ಎಲ್ಲೂ ಇಲ್ಲ. ಆಮೇಲೆ ನಮ್ಮ ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಗೆ ಬರೆದೆ. ಬಹಳ ಹೊತ್ತಿನ ಮೇಲೆ ಯಾರೋ ಒಬ್ಬರು, ಹೆಸರಿಗೆ ಮನುಷ್ಯರ ಹೆಸರೇ, ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಬರೆದರು. ನಾನು ವಿವರವಾಗಿ ಹೇಳಿದೆ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಮತ್ತೆ ಬರೆದರು. ಅವರ ಕಡೆಯ ಒಂದು ಯಂತ್ರ ಕೈಕೊಟ್ಟಿದೆ, ಸರಿ ಮಾಡುತ್ತಿದ್ದಾರೆ, ಬೇಗ ಆಗುತ್ತದೆ ಎಂದು ಕೊನೆಗೆ ತಿಳಿಯಿತು.

ಹೊರಗೆ ಬಂದು ಇದನ್ನು ಹೇಳುವುದರೊಳಗೆ ಜಯಕ್ಕ ತನಗೆ ತಿಳಿದ ಕೆಲಸ ಮಾಡಿದ್ದಳು. ತನ್ನ ಫೋನಿನಲ್ಲಿದ್ದ ಎಲ್ಲ ಗುಂಪುಗಳಿಗೆ, ಸಂಘದ ಹೆಂಗಸರು, ನೆಂಟರು, ಟ್ರೇನಿನಲ್ಲಿ ಓಡಾಡುವವರು, ಎಲ್ಲರಿಗೂ ಒಂದು ವಾಯ್ಸ್ ಮೆಸೇಜು ಹಾಕಿ, ಕೆಳಗೆ ಲಿಂಕು ಅಂಟಿಸಿದ್ದಳು. "ನಮ್ ವೆಬ್‌ಸೈಟು ಓಪನ್ ಆಯ್ತಾ ಇಲ್ಲ. ನಿಮ್ ನಿಮ್ ಫೋನಲ್ಲಿ ಆಯ್ತದಾ ಒಂದ್ಸಲ ನೋಡಿ ಏಳ್ರಪ್ಪಾ."

ಊರು ನೋಡಿತು. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲವೆಂದರೆ ಹೋಗಿ ನೋಡಿಕೊಂಡು ಬರದಿದ್ದರೆ ಅದೊಂದು ಮಾತಾಗುತ್ತದೆ. ಆಸ್ಪತ್ರೆಯಲ್ಲಿದ್ದರೆ ಬ್ರೆಡ್ಡು ಹಿಡಿದು ಹೋಗುತ್ತಾರೆ. ಮಂಚದ ಪಕ್ಕ ನಿಂತು ಈಗ ಹೇಗಿದೆ ಎಂದು ಕೇಳುತ್ತಾರೆ, ಸಂಜೆ ಮತ್ತೆ ಬರುತ್ತಾರೆ. ಜಯಕ್ಕನ ವೆಬ್‌ಸೈಟಿಗೂ ಅದೇ ಮರ್ಯಾದೆ ಸಿಕ್ಕಿತು. ಆಂಡರ್ಸನ್‌ಪೇಟೆಯಿಂದ, ಬಂಗಾರಪೇಟೆಯಿಂದ, ಗಡಿಯಾಚೆಯ ಕುಪ್ಪಂನಿಂದ, ಟ್ರೇನಿನ ಒಳಗಿನಿಂದ, ಕನ್ನಡ ತಮಿಳು ತೆಲುಗಿನಲ್ಲಿ ಉತ್ತರ ಬಂತು. ಇಲ್ಲ ಅಕ್ಕ. ಇನ್ನೂ ಇಲ್ಲ ಅಕ್ಕ. ಈಗ್ಲೂ ಇಲ್ಲ. ಕೆಲವರು ನಾಲ್ಕೈದು ಸಲ ನೋಡಿ, ನೋಡಿದ ಗುರುತಿಗೆ ಪ್ರತಿ ಸಲವೂ ಫೋಟೋ ತೆಗೆದು ಕಳಿಸಿದರು.

ಗೋಡೆಗೆ ಒರಗಿ ಕಾಯಿ ಸುಲಿಯುತ್ತಿದ್ದ ಮಂಗಮ್ಮ, ಗುಂಪಿನಲ್ಲೇ ಹಿರಿಯಳು, ತೆಲುಗು ಬೆರೆಸಿ ಮಾತಾಡುವವಳು, "ಏಮ್ಮಾ ಜಯಾ, ನಂಗೆ ಟೈಫಾಯ್ಡ್ ಬಂದಾಗ ಇಷ್ಟು ಜನ ಬಂದು ನೋಡ್ಲಿಲ್ಲ" ಎಂದಳು.

"ನೀನು ಆರ್ಡರ್ ತರ್ತೀಯಾ?" ಎಂದಳು ಜಯಕ್ಕ.

ಮಧ್ಯಾಹ್ನವಾಯಿತು. ಆರ್ಡರು ನಿಲ್ಲಿಸುವ ಹೊತ್ತು, ನಿಲ್ಲಿಸಲು ಆರ್ಡರೇ ಇರಲಿಲ್ಲ. ಸುಲಿದ ಕಾಳು ಬುಟ್ಟಿಗಳಲ್ಲಿತ್ತು. ನೆನೆಹಾಕಬೇಕೋ ಬೇಡವೋ. ಜಯಕ್ಕ ನನ್ನನ್ನು ಕೇಳಿದಳು. ನಿನ್ನೆಯಷ್ಟೇ ಹಾಕಿಬಿಡು, ಸಂಜೆಯೊಳಗೆ ಬಂದುಬಿಡುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. ಬೇಡ ಎನ್ನಲೂ ಬರಲಿಲ್ಲ, ಹೆಂಗಸರೆಲ್ಲ ಎದುರಿಗೇ ಕೂತಿದ್ದರು. ಕಾಳು ನೀರಿಗೆ ಬೀಳದಿದ್ದರೆ ಸಂಜೆ ಅವರಿಗೆ ಕೆಲಸವಿಲ್ಲ.

"ಆಕಾಣ" ಎಂದಳು ಜಯಕ್ಕ. "ಎಲ್ಲಾ ಆಕಾಣ. ಜನ ಸಾರು ತಿನ್ನೋದು ಬುಟ್ಬುಡ್ತಾರಾ?"

ಸಂಜೆ ಹಿದುಕುತ್ತ ಕೂತಾಗಲೂ ನಾನು ಒಂದು ಕೈಯಲ್ಲಿ ಫೋನು ಹಿಡಿದು ಆ ಕಂಪನಿಯವರ ಜೊತೆ ಬರೆಯುತ್ತಿದ್ದೆ. ಅವರು ಹೇಳಿದ್ದು ನನಗೆ ಅರ್ಥವಾಗಲು ಸಮಯ ಹಿಡಿಯಿತು. ಅವರ ಯಂತ್ರ ಬೆಳಿಗ್ಗೆಯೇ ಸರಿಯಾಗಿತ್ತಂತೆ. ಆದರೆ ನಮ್ಮದು ಅಗ್ಗದ ಪ್ಲಾನು. ಒಂದೇ ಕಂಪ್ಯೂಟರಿನಲ್ಲಿ ನಮ್ಮಂಥ ನೂರಾರು ವೆಬ್‌ಸೈಟುಗಳು, ಲೈನ್ ಮನೆಗಳ ಹಾಗೆ. ಎಲ್ಲರಿಗೂ ಸೇರಿ ಒಂದೇ ನಲ್ಲಿ. ಒಂದು ಮನೆಯ ಮುಂದೆ ಒಮ್ಮೆಗೇ ಬಹಳ ಜನ ಬಿಂದಿಗೆ ಹಿಡಿದು ನಿಂತರೆ ಆ ಮನೆಯ ನೀರನ್ನು ಸ್ವಲ್ಪ ಹೊತ್ತು ಕಟ್ಟಿಬಿಡುತ್ತಾರೆ. ಜನ ಕರಗಿದ ಮೇಲೆ ಬಿಡುತ್ತಾರೆ. ನಮ್ಮದರ ಮುಂದೆ ಬೆಳಗಿನಿಂದ ಜನ ಕರಗಿರಲಿಲ್ಲ.

"ಅಂದ್ರೆ ನಮ್ಮೋರೇ ಬೀಳಿಸ್ತಾ ಅವ್ರೆ ಅಂತೀಯಾ?" ಎಂದು ಕೇಳಿದಳು ಜಯಕ್ಕ.

"ಬೀಳಿಸಿದ್ದು ಅವರಲ್ಲ ಅಕ್ಕ. ಏಳೋಕೆ ಬಿಡ್ತಿಲ್ಲ."

ಮೊದಲ ಸಲ ಹೇಳಿದಾಗ ನನ್ನ ಮಾತಿನಲ್ಲಿ ಜಾಣತನದ ಸಂತೋಷವಿತ್ತೇನೋ. ಆಮೇಲೆ ಅದನ್ನೇ ಬರೀ ಆಯಾಸದಿಂದ ಹೇಳಿದೆ. ಎಲ್ಲ ಗುಂಪುಗಳಿಗೂ ಬರೆದೆ: ದಯವಿಟ್ಟು ಯಾರೂ ಲಿಂಕು ಒತ್ತಬೇಡಿ. ಅದನ್ನು ಓದಿದವರೆಲ್ಲ, ಒತ್ತಿದರೆ ಏನಾಗುತ್ತದೆಂದು ನೋಡಲು ಒಂದು ಸಲ ಒತ್ತಿದರು. ಬೆಳಗಿನ ಮೆಸೇಜನ್ನು ನೋಡಿರದವರಿಗೂ ಈಗ ಸುದ್ದಿ ಮುಟ್ಟಿತು. ಫೋನು ಮಾಡಿ ಯಾಕೆ ಒತ್ತಬಾರದು ಎಂದು ಕೇಳಿದವರಿಗೆ ವಿವರಿಸಿದೆ. ತಮಿಳಿನವರಿಗೆ ನನ್ನ ಹರಕು ತಮಿಳಿನಲ್ಲಿ, ಕುಪ್ಪಂನಲ್ಲಿರುವ ನಮ್ಮ ಚಿಕ್ಕಮ್ಮನಿಗೆ ತೆಲುಗಿನಲ್ಲಿ. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, "ಸರಿ, ನಾನು ನೋಡಲ್ಲ, ಆದ್ರೆ ಸರಿಯಾಯ್ತಾ ಅಂತ ನಂಗೆ ಎಂಗೆ ಗೊತ್ತಾಗ್ಬೇಕು?" ಎಂದಳು.

ಗಿರಾಕಿಗಳಿಗಾದರೂ ತಿಳಿಸೋಣವೆಂದರೆ ಅವರ ನಂಬರುಗಳೆಲ್ಲ ವೆಬ್‌ಸೈಟಿನ ಒಳಗೇ ಇದ್ದವು. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅವನ್ನು ಬೇರೆ ಕಡೆ ಇಟ್ಟುಕೊಂಡಿರಬೇಕು ಎಂದು ಆಮೇಲೆ ಎಷ್ಟೋ ಜನ ವ್ಯಾಪಾರಸ್ಥರಿಗೆ ಹೇಳಿದ್ದೇನೆ. ಅವರು ತಲೆಯಾಡಿಸಿ ನಮ್ಮ ಹಾಗೇ ಬಿಟ್ಟಿರುತ್ತಾರೆ.

ಆ ಸಂಜೆ ಸರೋಜ ಏನು ಮಾಡುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಮಾವನನ್ನು ನೋಡಿ ಬರಲು ಎದ್ದುಹೋದಳು, ಬಂದಳು. ಒಂದು ಪ್ರಶ್ನೆ ಕೇಳಿದಳು, ಅದು ಮಾತ್ರ ಖಚಿತವಾಗಿ ನೆನಪಿದೆ.

"ಮುಚ್ಚೋಯ್ತಾ ಮೇಡಂ?"

"ಇಲ್ಲ ಸರೋಜ, ಇದು ತಾತ್ಕಾಲಿಕ. ಬರುತ್ತೆ."

ಅವಳು ತಲೆಯಾಡಿಸಿದಳು. ಒಪ್ಪಿದಳೆಂದು ನಾನು ತಿಳಿದೆ.

ಆ ರಾತ್ರಿ ನಾನು ಜಯಕ್ಕನ ಮನೆಯಲ್ಲೇ ಉಳಿದೆ. ಮಾರನೆಯ ಬೆಳಿಗ್ಗೆಯೂ ವೆಬ್‌ಸೈಟು ಇರಲಿಲ್ಲ, ಬೇಳೆ ಇತ್ತು. ದಿನವೂ ಪ್ಯಾಕೆಟ್ಟು ಒಯ್ಯುತ್ತಿದ್ದವನು ಶಂಕರಣ್ಣ, ವೈಟ್‌ಫೀಲ್ಡಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ಸೀಸನ್ ಪಾಸಿನವನು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಗೇಟುಗಳಲ್ಲಿ ಕೊಟ್ಟು ಹೋಗುತ್ತಿದ್ದ. ಯಾರ ಹೆಸರೂ ಇಲ್ಲದ ಪ್ಯಾಕೆಟ್ಟುಗಳನ್ನು ನೋಡಿ, "ಇದನ್ನ ನಾನು ಕೂಗ್ಕೊಂಡು ಮಾರ್ತಾ ಓಗ್ಲಾ ಜಯಕ್ಕ?" ಎಂದ.

"ನೀನೊಬ್ಬನೇ ಬೇಡ. ಉಷಾ ಬತ್ತಾಳೆ. ಸರೋಜಾ, ನೀನೂ ಓಗು, ನಿಂಗೆ ಆ ಕಡೆ ಗೊತ್ತು. ನಿಮ್ಮನೆ ತಾತನ್ನ ನಾನು ನೋಡ್ಕೋತೀನಿ."

ಮಾರಿಕುಪ್ಪಂನಲ್ಲಿ ಹತ್ತಿದೆವು. ಆ ಹೊತ್ತಿಗೆ ಬೋಗಿಯೊಳಗೆ ಚಳಿ ಹೊರಗಿಗಿಂತ ಹೆಚ್ಚು. ಮಂಕಿ ಟೋಪಿ, ಶಾಲು, ಡಬ್ಬಿಯ ಚೀಲ. ಕೋರಮಂಡಲ್ ಸ್ಟೇಷನ್ ದಾಟುವುದರೊಳಗೆ ಅರ್ಧ ಜನ ನಿದ್ದೆಗೆ ಮರಳಿದ್ದರು. ಸರೋಜಳನ್ನು ಕಂಡು ಅವಳ ಹಳೆಯ ಜೊತೆಗಾತಿಯರು ಜರುಗಿ ಜಾಗ ಮಾಡಿದರು.

"ಏನೇ, ವಾಪಸ್ ಬಂದ್ಬುಟ್ಯಾ?"

"ಇಲ್ಲ ಕಣೇ, ಇವತ್ತೊಂದಿನ."

"ಅಂಗೇ ಅನ್ನು. ನಾನೂ ಒಂದಿನ ಅಂತ ಬಂದವ್ಳೇ."

ಅವರು ನಕ್ಕರು, ಸರೋಜಳೂ ನಕ್ಕಳು. ನಾನು ಚೀಲದ ಮೇಲೆ ಕೈಯಿಟ್ಟು ಕೂತಿದ್ದೆ. ಬಂಗಾರಪೇಟೆಯಲ್ಲಿ ಇನ್ನಷ್ಟು ಜನ ನುಗ್ಗಿದರು, ಆಮೇಲೆ ಯಾರ ಮುಖವೂ ಕಾಣಲಿಲ್ಲ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು ಒಳಗೆ ಬಿಡಲಿಲ್ಲ. ಯಾವ ಫ್ಲ್ಯಾಟು, ಯಾರ ಹೆಸರು ಎಂದ. ಅದೇ ಗೊತ್ತಿಲ್ಲವೆಂದು ಹೇಳಬೇಕಾಯಿತು. ಶಂಕರಣ್ಣ ತನ್ನ ಫೋನಿನಲ್ಲಿದ್ದ ಕೆಲವು ನಂಬರುಗಳಿಗೆ ಫೋನು ಮಾಡಿ, ಕೆಲಸಕ್ಕೆ ಹೊತ್ತಾಯಿತೆಂದು ಹೊರಟ. ನಾವಿಬ್ಬರೂ ಕಾಂಪೌಂಡಿನ ಪಕ್ಕ ಚೀಲ ಇಟ್ಟುಕೊಂಡು ನಿಂತೆವು. ಶಾಲೆಯ ಬಸ್ಸಿಗೆ ಮಕ್ಕಳನ್ನು ಬಿಡಲು ಬಂದ ಹೆಂಗಸರಲ್ಲಿ ಕೆಲವರು ಪ್ಯಾಕೆಟ್ಟಿನ ಗುರುತು ಹಿಡಿದರು.

"ಓ, ನೀವಾ. ನಿನ್ನೆ ನೋಡಿದೆ, ಏನೂ ಬರ್ತಿರ್ಲಿಲ್ಲ. ಕ್ಲೋಸ್ ಮಾಡಿದ್ರೇನೋ ಅಂದ್ಕೊಂಡೆ" ಎಂದಳು ಒಬ್ಬಳು. ತಾನು ಬೇರೆ ಕಡೆ ಹೇಳಿಬಿಟ್ಟಿದ್ದೇನೆ ಎಂದು ಸಂಕೋಚದಿಂದ ಸೇರಿಸಿದಳು. ಸಂಕೋಚಕ್ಕೇ ಒಂದು ಪ್ಯಾಕೆಟ್ಟು ಕೊಂಡಳು. "ಒಂದು ಮೆಸೇಜ್ ಹಾಕಿದ್ರೆ ಕಾಯ್ತಿದ್ದೆ."

ಅವಳು ಹೇಳಿದ್ದು ನಿಜ. ಯಾರೂ ಕೋಪ ಮಾಡಿಕೊಂಡಿರಲಿಲ್ಲ. ಅಂಗಡಿಯ ಬಾಗಿಲಾದರೆ ಒಂದು ಚೀಟಿ ಅಂಟಿಸುತ್ತೇವೆ, ಮದುವೆಗೆ ಹೋಗಿದ್ದೇವೆ, ನಾಳೆ ಬರುತ್ತೇವೆ ಎಂದು. ವೆಬ್‌ಸೈಟಿಗೆ ಅಂಥ ಚೀಟಿ ಅಂಟಿಸುವ ಜಾಗ ಬೇರೆ ಕಡೆ ಇರಬೇಕು, ವೆಬ್‌ಸೈಟು ಇಲ್ಲದಾಗಲೂ ಗಿರಾಕಿಗೆ ಸಿಗುವ ಕಡೆ. ಊರಿಗೆಲ್ಲ ಸುದ್ದಿ ಹೇಳಿದ್ದೆವು. ಬೇಳೆ ಕೊಳ್ಳುವವರಿಗೆ ಹೇಳಿರಲಿಲ್ಲ. ಅಲ್ಲೇ ಗೇಟಿನ ಬಳಿ ಕೂತು, ಬಂದವರ ಹೆಸರು, ನಂಬರು ಕೇಳಿ ಫೋನಿನಲ್ಲಿ ಹಾಕಿಕೊಂಡೆ. ನಿಮ್ಮ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಒಂದು ಮಾತು ಹೇಳಿ, ಅವರೆ ನಿಂತಿಲ್ಲ, ಎರಡು ದಿನ ಫೋನಿನಲ್ಲೇ ಹೇಳಿ ಎಂದು ಆ ಹೆಂಗಸನ್ನು ಕೇಳಿಕೊಂಡೆ. ಅವಳು ಹಾಕಿದಳು. ಸುಮಾರು ಜನ ಕೆಳಗಿಳಿದು ಬಂದರು. ಚೀಲ ಪೂರ್ತಿ ಖಾಲಿಯಾಗಲಿಲ್ಲ, ಆದರೆ ಹಗುರವಾಯಿತು.

ಅದರ ನಡುವೆ ಸರೋಜ ಸ್ವಲ್ಪ ದೂರ ಹೋಗಿ, ಬೋಗನ್‌ವಿಲ್ಲಾ ಗಿಡದ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಬೆನ್ನು ಈ ಕಡೆಗಿತ್ತು. ಇದನ್ನು ನಾನು ನಿಜವಾಗಿ ಕಂಡೆನೋ ಅಥವಾ ಆಮೇಲೆ ಕೇಳಿದ ಮಾತಿನಿಂದ ಆ ಚಿತ್ರ ಮಾಡಿಕೊಂಡೆನೋ ಹೇಳಲಾರೆ. ಹೂವಿನ ಬಣ್ಣ ಕೂಡ ನೆನಪಿದೆ, ಅದಕ್ಕೇ ಅನುಮಾನ.

ಮಧ್ಯಾಹ್ನ ಊರಿಗೆ ಬಂದು ನೋಡಿದರೆ ವೆಬ್‌ಸೈಟು ಒಂದು ಗಳಿಗೆ ತೆರೆದು, ಮತ್ತೆ ಬಿದ್ದಿತ್ತು. ತೆರೆದದ್ದನ್ನು ಯಾರೋ ಕಂಡು ಗುಂಪಿನಲ್ಲಿ ಹಾಕಿದ್ದರು, ಅಷ್ಟೇ ಸಾಕಾಗಿತ್ತು. ನಾನು ಜಗಲಿಯ ಮೇಲೆ ಕೂತೆ. ಇನ್ನು ಯಾರಿಗೂ ಏನೂ ವಿವರಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲವೆಂದು ಜಯಕ್ಕನಿಗೆ ಹೇಳಿದೆ.

ಜಯಕ್ಕ ಒಂದು ನಿಮಿಷ ಯೋಚಿಸಿದಳು. ಆಮೇಲೆ ಫೋನು ಬಾಯಿಯ ಹತ್ತಿರ ಹಿಡಿದು, ಹಬ್ಬದ ದನಿಯಲ್ಲಿ ಹೇಳಿದಳು. "ಎಲ್ರಿಗೂ ನಮಸ್ಕಾರ. ನಮ್ ವೆಬ್‌ಸೈಟು ಪೂರ್ತಿ ಸರಿ ಓಯ್ತು. ನೀವೆಲ್ಲಾ ಇಚಾರಿಸ್ಕೊಂಡಿದ್ದಕ್ಕೆ ತುಂಬಾ ಸಂತೋಸ."

"ಅಕ್ಕಾ, ಸರಿಯಾಗಿಲ್ಲ."

"ಗೊತ್ತು ಸುಮ್ಕಿರು. ಉಸಾರಾದೋರ್ನ ನೋಡಕ್ಕೆ ಯಾವಳು ಬತ್ತಾಳೆ?"

ಯಾರೂ ಬರಲಿಲ್ಲ. ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಬಂದವು. ಲಿಂಕನ್ನು ಒತ್ತುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಕುಪ್ಪಂ ಚಿಕ್ಕಮ್ಮ ದೇವರಿಗೆ ಕಾಯಿ ಒಡೆಸುತ್ತೇನೆ ಎಂದಳು. ಸಂಜೆ ಹಿದುಕುವ ಹೊತ್ತಿಗೆ ನನ್ನ ಫೋನಿನಲ್ಲಿ ಪುಟ ತೆರೆಯಿತು. ತೆರೆದೇ ಇತ್ತು. ಗೊತ್ತಾದರೆ ಮತ್ತೆ ನೋಡುತ್ತಾರೆಂದು ನಾನು ಯಾರಿಗೂ ಹೇಳಲಿಲ್ಲ. ಜಯಕ್ಕನಿಗೂ ಸ್ವಲ್ಪ ಹೊತ್ತು ಹೇಳಲಿಲ್ಲ.

ಮಾರನೆಯ ದಿನ ಆರ್ಡರು ಬಂದವು. ಮೊದಲಿನಷ್ಟಲ್ಲ, ಹತ್ತಿರ ಹತ್ತಿರ. ಹಬ್ಬದ ಹಿಂದಿನ ದಿನ ಮೊದಲಿನದನ್ನೂ ಮೀರಿತು. ಕೆಲವು ಗಿರಾಕಿಗಳು ಹೋದವರು ಮತ್ತೆ ಬರಲಿಲ್ಲ. ಗೇಟಿನಲ್ಲಿ ಸಿಕ್ಕ ಹೊಸಬರು ಸೇರಿದರು. ಜಯಕ್ಕ ಸ್ವಲ್ಪ ದುಬಾರಿಯ ಪ್ಲಾನಿಗೆ ಹೋಗೋಣವೆಂದಳು. ಎಲ್ಲರ ನಂಬರೂ ಬೇರೆ ಕಡೆ ಬರೆದಿಟ್ಟೆವು. ಮುಂದೆ ಬಿದ್ದರೆ ಮೊದಲು ಗಿರಾಕಿಗೆ ಹೇಳುವುದು, ನೆಂಟರಿಗೆ ಹೇಳಲೇಬಾರದು ಎಂದು ತೀರ್ಮಾನವಾಯಿತು. ಅವಳು ಲೆಕ್ಕ ಹಾಕಿ, ಖುಷಿಯಾಗಿ ಸರೋಜಳನ್ನು ಕರೆದಳು.

"ನೋಡ್ದಾ, ಎದ್ದು ಕೂತ್ಕೊಂತು. ಅವರೆ ಮುಗಿದ್ ಮೇಲೆ ಉರಿಹಿಟ್ಟು ಶುರು ಮಾಡಾಣ. ನೀನು ಇಲ್ಲೇ ಇದ್ಬುಡು."

ಸರೋಜ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಸೂಪರ್‌ವೈಸರ್‌ಗೆ ಬತ್ತೀನಿ ಅಂತ ಏಳ್ಬುಟ್ಟಿದ್ದೀನಿ ಅಕ್ಕ."

"ಯಾವಾಗ?"

"ಅವತ್ತೇ. ಬೆಂಗ್ಳೂರಿಗೆ ಓಗಿದ್ವಲ್ಲ."

"ಯಾಕೆ ಏಳ್ದೆ? ಉಷಾ ಏಳಿರ್ಲಿಲ್ವಾ, ಬತ್ತದೆ ಅಂತ?"

"ಏಳಿದ್ರು." ಅವಳು ನನ್ನ ಕಡೆ ನೋಡಿದಳು. ನೋಟದಲ್ಲಿ ಆಕ್ಷೇಪಣೆಯಿರಲಿಲ್ಲ, ವಿವರಿಸುವ ಕೆಲಸ ಈಗ ತನ್ನದಾಯಿತಲ್ಲ ಎಂಬ ಸುಸ್ತು ಇತ್ತು. "ಮೈನ್ಸ್ ಮುಚ್ಚಿದಾಗ್ಲೂ ಮಾವಂಗೆ ಅಂಗೇ ಏಳಿದ್ರಂತೆ, ಬತ್ತದೆ ಅಂತ. ನಾ ಈ ಮನೆಗೆ ಸೊಸೆಯಾಗಿ ಬಂದಾಗಿಂದ ಕೇಳ್ತಾ ಇವ್ನಿ, ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ. ನಂಗೇನಕ್ಕ ಗೊತ್ತು, ಇದು ಎದ್ದು ಬರೋ ಜಾತೀದು ಅಂತ. ನಮ್ಮೂರಲ್ಲಿ ಮುಚ್ಚಿದ್ದು ತೆಗ್ದಿದ್ದು ನಾ ನೋಡೇ ಇಲ್ಲ."

"ಈಗ ಬರಲ್ಲ ಅಂತ ಏಳ್ಬುಡು."

"ಇನ್ನೊಬ್ಳು ಕಾಯ್ತಿದ್ಲು ಆ ಜಾಗಕ್ಕೆ. ನಾನು ಬತ್ತೀನಿ ಅಂದಿದ್ದಕ್ಕೆ ಅವ್ಳನ್ನ ಕಳ್ಸವ್ರೆ. ಈಗ ನಾನೂ ಬರಲ್ಲ ಅಂದ್ರೆ ಮತ್ತೆ ಯಾವತ್ತೂ ಕರೆಯಲ್ಲ ಅಕ್ಕ. ನಿಮ್ದು ಇನ್ನೊಂದ್ಸಲ ಬಿದ್ರೆ?"

ಬೀಳುವುದಿಲ್ಲವೆಂದು ನಾನು ಹೇಳಬಹುದಿತ್ತು. ಸುಳ್ಳಾಗುತ್ತಿತ್ತು. ಬೀಳುತ್ತದೆ, ಏಳುತ್ತದೆ, ಅದರ ಸ್ವಭಾವವೇ ಅದು. ಬಿದ್ದಾಗ ಕಾಯಲು ಸಾಧ್ಯವಿದ್ದವರಿಗೆ ಮಾತ್ರ ಅದು ತಾತ್ಕಾಲಿಕ. ಇದನ್ನು ಅಲ್ಲಿ ನಿಂತಾಗಲೇ ಯೋಚಿಸಿದೆನೆಂದು ಬರೆಯಲು ಆಸೆ. ಅಲ್ಲಿ ನಾನು ಯೋಚಿಸಿದ್ದು ಬಸ್ಸಿನ ಬಗ್ಗೆ ಇರಬೇಕು.

ಜಯಕ್ಕ ಎರಡು ದಿನ ಮುನಿಸಿಕೊಂಡಿದ್ದಳು. ಎಳ್ಳು ಬೀರಲು ಸರೋಜ ಬಂದಾಗ ಮುನಿಸು ಬಿಟ್ಟಳು. ಹಬ್ಬದ ಮಾರನೆಯ ದಿನ ಸರೋಜ ಡಬ್ಬಿ ಕಟ್ಟಿಕೊಂಡು ಬೆಳಗಿನ ಟ್ರೇನಿಗೆ ಹೋದಳು. ಅದೇ ದಿನ ಜಯಕ್ಕ ಹೆಂಗಸರಿಗೆಲ್ಲ, ಬುಟ್ಟಿ ತಗೊಂಡು ತಾತನ ಮನೆಗೆ ನಡೀರಿ ಎಂದಳು. ತನ್ನ ಹಿತ್ತಿಲಲ್ಲಿ ಬಿಸಿಲು ಬರುವುದಿಲ್ಲವೆಂದು ಕಾರಣ ಕೊಟ್ಟಳು. ಅಷ್ಟು ವರ್ಷ ಬಾರದ ಬಿಸಿಲು ಆವತ್ತು ಅವಳ ಗಮನಕ್ಕೆ ಬಂದಿತ್ತು. ಉಳಿದ ಅವರೆ ಕಾಲವೆಲ್ಲ ಸುಲಿಯುವುದು, ನೆನೆಹಾಕುವುದು, ಹಿದುಕುವುದು ಸರೋಜಳ ಮನೆಯ ಮುಂದಿನ ಜಗಲಿಯ ಮೇಲೆ ನಡೆಯಿತು.

ಅವಳ ಮಾವನನ್ನು ನಾನು ಸರಿಯಾಗಿ ಕಂಡದ್ದು ಆಗಲೇ. ಕಂಬಳಿ ಹೊದ್ದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮಂಗಮ್ಮ ಅವರ ಮಡಿಲಿಗೆ ಒಂದು ತಟ್ಟೆ ಕಾಳು ಹಾಕಿ, "ಕೂತು ತಿಂತೀಯಾ ಮಾವಾ, ಪನಿ ಚೇಯಿ, ಕೆಲ್ಸ ಮಾಡು" ಎಂದು ರೇಗಿಸುತ್ತಿದ್ದಳು. ಅವರು ನಿಧಾನವಾಗಿ ಒಂದೊಂದೇ ಹಿದುಕಿ, ಉಸಿರಿಗೆ ನಿಲ್ಲಿಸಿ, ಮತ್ತೆ ಶುರು ಮಾಡುತ್ತಿದ್ದರು. ನಾನು ಫೋನು ತೆಗೆದರೆ ಅವರಿಗೆ ಕುತೂಹಲ.

"ಏನಮ್ಮಾ, ನಿಮ್ಮ ಕಂಪ್ಯೂಟರ್ ಅಂಗಡಿ ತೆಗ್ದವ್ರಾ?"

"ತೆಗ್ದಿದೆ ತಾತ."

"ಪೂರ್ತಿ ತೆಗ್ದವ್ರಾ?"

"ಪೂರ್ತಿ."

ಅವರ ಕಾಳು ಹಿದುಕುವ ಕೈ ನಿಂತಿತ್ತು.

"ಮತ್ತೆ ಸರೋಜ ಯಾಕೆ ಓಗ್ತಾಳೆ?"

ಮಂಗಮ್ಮ ತಲೆ ತಗ್ಗಿಸಿದಳು. ಜಯಕ್ಕ ನೀರು ಬದಲಾಯಿಸುವ ನೆಪದಲ್ಲಿ ಎದ್ದು ಒಳಗೆ ಹೋದಳು. ನಾನು ಅವರ ತಟ್ಟೆಯಿಂದ ಒಂದು ಹಿಡಿ ಕಾಳು ತೆಗೆದುಕೊಂಡು ಹಿದುಕತೊಡಗಿದೆ. ಅವರು ಉತ್ತರಕ್ಕೆ ಕಾಯುತ್ತಿದ್ದರು. ಕಾಯುವುದರಲ್ಲಿ ಅವರಿಗೆ ಅವಸರವೇ ಇರಲಿಲ್ಲ.